ಹಿಡಿದಿಟ್ಟ ನೀರಿನ ಸದ್ದು

"ಬೆಲ್ಟೂ ಬಿಚ್ಚಬೇಕಾ?"

"ಬಕಲ್ ಕಬ್ಬಿಣದ್ದಲ್ವಾ ಅಪ್ಪಾ, ಬಿಚ್ಚಿ. ವಾಚು, ಬೀಗದಕೈ, ಚಿಲ್ಲರೆ ಎಲ್ಲ ಈ ತಟ್ಟೇಲಿ ಇಡಿ."

ಅಪ್ಪ ಬಿಚ್ಚಿದರು. ಈಚೆಗೆ ಮೈ ಇಳಿದು ಪ್ಯಾಂಟು ಸಡಿಲವಾಗಿತ್ತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡು, "ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ ಅಂತಾರೆ. ನಿನ್ನ ಒಂದು ಹನಿ ನೀರು ನೋಡೋಕೆ ಇಷ್ಟೊಂದು ಅಪ್ಪಣೆ" ಅಂದರು.

ಮಗಳಿಗೆ ನಗು ಬರಲಿಲ್ಲ. ಸೋಮವಾರ ಅಪ್ಪನ ಎದೆಯೊಳಗೆ ಪೇಸ್‌ಮೇಕರ್ ಕೂರಿಸುತ್ತಾರೆ. ಆಮೇಲೆ ಈ ಆಯಸ್ಕಾಂತದ ಕೋಣೆಗೆ ಅವರು ಕಾಲಿಡುವ ಹಾಗೇ ಇಲ್ಲ, ಅದರ ಸೆಳೆತಕ್ಕೆ ಎದೆಯ ಯಂತ್ರ ಲಯ ತಪ್ಪೀತು. ಹನ್ನೊಂದು ವರ್ಷದಿಂದ ಅವಳು ಈ ಸಂಶೋಧನಾ ಸಂಸ್ಥೆಯಲ್ಲೇ ಕೆಲಸ ಮಾಡುತ್ತಿದ್ದರೂ ಅವರು ಒಮ್ಮೆಯೂ ಬಂದವರಲ್ಲ. ಡಾಕ್ಟರು ವಿಷಯ ಹೇಳಿದ ದಿನ ಊಟಕ್ಕೆ ಕೂತವರು ತಾವಾಗಿ ಕೇಳಿದ್ದರು, "ಅದಕ್ಕೆ ಮುಂಚೆ ಒಂದ್ಸಲ ತೋರಿಸ್ತೀಯಾ?" ಹಾಗಾಗಿ ಈ ಶನಿವಾರ ಬಂದಿದ್ದರು.

ಅಪ್ಪ ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತೆರಡು ವರ್ಷ ಸೋರಿಕೆ ಹುಡುಕಿದವರು. ಕಬ್ಬಿಣದ ಸರಳಿನ ಒಂದು ತುದಿ ಪೈಪಿಗೆ, ಇನ್ನೊಂದು ಕಿವಿಗೆ. ಅವರು ಸೀಮೆಸುಣ್ಣದಲ್ಲಿ ಗೀಟು ಹಾಕಿದ ಕಡೆ ಅಗೆದರೆ ಸೋರುವ ಪೈಪು ಸಿಕ್ಕೇ ಸಿಗುತ್ತಿತ್ತು. ಅಂಥವರಿಗೆ ಮಗಳ ಕೆಲಸವೆಂದರೆ ತಮಾಷೆ. "ನಾನು ಅರ್ಧ ಊರಿಗೆ ನೀರು ಕುಡಿಸಿದೆ, ಇವಳು ಒಂದು ಹನಿ ಇಟ್ಕೊಂಡು ವರ್ಷಗಟ್ಟಲೆ ನೋಡ್ತಾ ಕೂತಿದಾಳೆ" ಎಂದು ಮನೆಗೆ ಬಂದವರಿಗೆಲ್ಲ ಹೇಳುವರು. ಅವಳ ಲೇಖನ ಓದಿ ಎಲ್ಲೆಲ್ಲಿಂದಲೋ ಪತ್ರ ಬರೆಯುವವರಿದ್ದರು, ಆದರೆ ಹಿತ್ತಲ ಗಿಡ ಮದ್ದಲ್ಲ. ಅವಳಿಗೆ ನೋಯುತ್ತಿತ್ತು. ಬಾಯಿಬಿಟ್ಟು ಹೇಳಿದವಳಲ್ಲ.

ಕೋಣೆಯ ನಡುವೆ, ಆಯಸ್ಕಾಂತವನ್ನು ಒಳಗಿಟ್ಟುಕೊಂಡ, ಆಳೆತ್ತರ ಮೀರಿದ ಬಿಳಿ ಪೀಪಾಯಿಯೊಂದು ಮೂರು ಕಾಲಿನ ಮೇಲೆ ನಿಂತಿತ್ತು. ಅಪ್ಪ ಒಂದು ಸುತ್ತು ಹಾಕಿ ಮೊದಲು ನೋಡಿದ್ದು ಅದರ ಪೈಪುಗಳ ಜೋಡಣೆಯನ್ನು. "ಎಲ್ಲೂ ಜಿನುಗ್ತಿಲ್ಲ. ಮಾಡಿದವನು ಒಳ್ಳೆ ಕೆಲಸಗಾರ" ಅಂದರು.

ಎರಡು ದಿನ ಕೂತು ಚಿತ್ರ ಬರೆದು ಸಿದ್ಧಮಾಡಿಕೊಂಡಿದ್ದ ವಿವರಣೆಯನ್ನು ಮಗಳು ಮಡಿಚಿಟ್ಟಳು.

"ಕೇಳ್ತೀರಾ?"

"ಏನನ್ನ?"

"ನೀರನ್ನ."

ಪೆನ್ಸಿಲಿಗಿಂತ ಸಣ್ಣ ಗಾಜಿನ ನಳಿಕೆಯೊಂದನ್ನು ಪೀಪಾಯಿಯ ಮೇಲಿನಿಂದ ಇಳಿಬಿಟ್ಟಳು. ರೇಡಿಯೋ ಅಲೆಯಿಂದ ಒಮ್ಮೆ ತಟ್ಟಿದರೆ ನೀರಿನ ಅಣುಗಳು ಸ್ವಲ್ಪ ಹೊತ್ತು ಮಿಡಿಯುತ್ತವೆ. ದಿನಾ ಪರದೆಯ ಮೇಲೆ ಗೆರೆಯಾಗಿ ನೋಡುವ ಆ ಮಿಡಿತವನ್ನು ಇವತ್ತು ದೂರದ ಮೂಲೆಯ ಪುಟ್ಟ ಸ್ಪೀಕರಿಗೆ ಜೋಡಿಸಿದ್ದಳು. ಗುಂಯ್ ಎಂದು ಎದ್ದ ಸದ್ದು ನಿಧಾನವಾಗಿ ಕರಗಿತು. ನಳಿಕೆ ಬದಲಾಯಿಸಿದಳು. ಈ ಸಲದ್ದು ಎದ್ದಷ್ಟೇ ಬೇಗ ಅಡಗಿತು. ಯಾವುದರಲ್ಲಿ ಏನಿದೆ ಎಂದು ಅವಳು ಹೇಳಲಿಲ್ಲ.

"ಮತ್ತೊಂದ್ಸಲ ಹಾಕು."

ಅಪ್ಪ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದರು. ಮೂರು ಸಲ ಕೇಳಿದರು.

"ಎರಡನೇದನ್ನ ಯಾವುದೋ ಹಿಡ್ಕೊಂಡಿದೆ" ಅಂದರು. "ಹೊರಗೆ ನೇತುಹಾಕಿದ ಪೈಪಿಗೆ ಬಡಿದ್ರೆ ಬಹಳ ಹೊತ್ತು ಗುಂಯ್ ಅನ್ನುತ್ತೆ. ಹೂತಿರೋದಕ್ಕೆ ಬಡಿದ್ರೆ ಟಪ್ ಅಂತ ಸತ್ತುಹೋಗುತ್ತೆ, ಮಣ್ಣು ಹಿಡ್ಕೊಂಡಿರುತ್ತಲ್ಲ. ಮೊದಲನೇ ನೀರು ಅದರ ಪಾಡಿಗೆ ಅದಿದೆ. ಇದು ಹಾಗಿಲ್ಲ."

ಮಗಳು ಬೆರಗಾಗಿ ನೋಡಿದಳು. ಇಷ್ಟನ್ನು ವಿದ್ಯಾರ್ಥಿಗಳ ತಲೆಗೆ ಹತ್ತಿಸಲು ಅವಳಿಗೆ ಒಂದು ತಿಂಗಳು ಬೇಕಾಗುತ್ತಿತ್ತು. ಅಪ್ಪನಿಗೆ ಅದು ನೀರು ಕುಡಿದಷ್ಟು ಸುಲಭವಾಗಿತ್ತು.

"ಹಿಡ್ಕೊಂಡಿರೋದು ಪ್ರೋಟೀನು ಅಪ್ಪಾ. ನಮ್ಮ ಮೈಯಲ್ಲಿರೋ ಥರದ್ದೇ. ಹೆಚ್ಚಿನ ನೀರು ಅದಕ್ಕೆ ತಾಗಿ ಹೊರಟುಹೋಗುತ್ತೆ. ಒಂದೆರಡು ಅಣು ಮಾತ್ರ ಒಳಗೇ ಕೂತಿರುತ್ವೆ. ಎಲ್ಲಿ ಕೂತಿವೆ, ಎಷ್ಟು ಹೊತ್ತು ಕೂರ್ತವೆ, ಅದನ್ನ ಕಂಡುಹಿಡಿಯೋದು ನನ್ನ ಕೆಲಸ."

"ಅವು ಕೂರದೇ ಹೋದ್ರೆ?"

"ಪ್ರೋಟೀನು ಗಟ್ಟಿಯಾಗಿ ನಿಲ್ಲಲ್ಲ."

ಅಪ್ಪ ಹೊರಗೆ ತೆಗೆದಿಟ್ಟಿದ್ದ ಮೊದಲ ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದರು. "ನಾನು ಗೀಟು ತಪ್ಪು ಹಾಕಿದ್ರೆ ಅಗೆದಾಗ ಗೊತ್ತಾಗ್ತಿತ್ತು. ನಿನಗೆ ಅಗೆಯೋ ಹಾಗೂ ಇಲ್ಲ. ಬರೀ ಕೇಳಿ ಹೇಳ್ಬೇಕು, ಅದೂ ಸರಿಯಾಗಿ ಹೇಳ್ಬೇಕು. ನನ್ನ ಕೈಲಾಗ್ತಿರಲಿಲ್ಲ ಕಣಮ್ಮ ಈ ಕೆಲಸ."

ಹನ್ನೊಂದು ವರ್ಷ ಕಾದ ಮಾತು. ಕೇಳಿದಾಗ ಅವಳಿಗೆ ಸಂತೋಷಕ್ಕಿಂತ ಮೊದಲು ದುಃಖವಾಯಿತು. ಇನ್ನೊಂದು ಗಂಟೆಗೆ ಇವರು ಎದ್ದು ಹೋಗುತ್ತಾರೆ, ಮತ್ತೆ ಒಳಗೆ ಬರುವುದಿಲ್ಲ.

"ಇನ್ನೂ ಎಷ್ಟು ನಳಿಕೆ ಇವೆ?"

"ನಲವತ್ತು."

"ಒಂದೊಂದಾಗಿ ಹಾಕು."

ಕಟ್ಟಡಕ್ಕೆ ಬೀಗ ಹಾಕುವವನು ಬರುವಷ್ಟರಲ್ಲಿ ಹತ್ತೊಂಬತ್ತು ಮುಗಿದಿದ್ದವು.

ಅಪ್ಪನ ಎದೆಯ ಹೊಲಿಗೆ ಬಿಚ್ಚಿದ ಮರುವಾರ ಸಂಸ್ಥೆಯ ನಿರ್ದೇಶಕರು ಫೋನಿನಲ್ಲಿ ಜೋರಾಗಿ ಮಾತಾಡುತ್ತ ಕಾರಿಡಾರಿನಲ್ಲಿ ಬಂದರು. ಆಯಸ್ಕಾಂತದ ಕೋಣೆಯ ಬಾಗಿಲಡಿಯಿಂದ ಒಂದು ವೈರು ಹೊರಬಂದಿತ್ತು. ಯಾರೂ ಎಡವದಂತೆ ಅದಕ್ಕೆ ಉದ್ದಕ್ಕೂ ಟೇಪು ಅಂಟಿಸಿದ್ದರು. ಅದು ಇಡೀ ಕಾರಿಡಾರು ದಾಟಿ ಕೊನೆಯ ಬೆಂಚಿನವರೆಗೆ ಹೋಗಿತ್ತು. ಅಲ್ಲಿ ವಯಸ್ಸಾದವರೊಬ್ಬರು ಸ್ಪೀಕರಿನ ಕಡೆ ಬಾಗಿ, ತೊಡೆಯ ಮೇಲಿನ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದರು. ತಲೆ ಎತ್ತದೆ, ಸುಮ್ಮನಿರುವಂತೆ ಒಂದು ಕೈ ಎತ್ತಿದರು. ನಿರ್ದೇಶಕರು ಮಾತು ನಿಲ್ಲಿಸಿ, ಎತ್ತಿದ ಕಾಲನ್ನು ಮೆಲ್ಲಗೆ ನೆಲಕ್ಕಿಳಿಸಿದರು.