ಕನ್ನಡಿ ಹಿಡಿದವಳು

ಹೊರುವವರು ಬಗ್ಗಿ ಶವಪೆಟ್ಟಿಗೆಯ ಹಿಡಿಕೆಗಳಿಗೆ ಕೈ ಹಾಕುತ್ತಿದ್ದಾಗಲೇ ಗ್ರಂಥಪಾಲಕಿ ಒಳಗೆ ಬಂದು, ಬಟ್ಟೆಯಲ್ಲಿ ಸುತ್ತಿದ್ದ ಚಪ್ಪಟೆ ವಸ್ತುವೊಂದನ್ನು ಸತ್ತವನ ಹೆಂಡತಿಯ ಮಡಿಲಲ್ಲಿಟ್ಟಳು.

"ಅಕ್ಕ, ಇದು ನಿಮ್ಮದು. ವಂಶಾವಳಿ ಸಂಘದ ಬೀರುವಿನಲ್ಲಿತ್ತು."

ಬಟ್ಟೆ ಬಿಚ್ಚಿದರೆ ಕನ್ನಡಿ. ಅವಳ ಅಲಂಕಾರದ ಮೇಜು ಎಷ್ಟೋ ವರ್ಷಗಳಿಂದ ಬರಿಯ ಚೌಕಟ್ಟಿನೊಡನೆ ನಿಂತಿತ್ತು. ಕೇಳಿದಾಗಲೆಲ್ಲ ಗಂಡ, ಗಡಿಯಾರ ರಿಪೇರಿಯವನು, "ಒಡೆದುಹೋಯ್ತು ಕಣೇ" ಎಂದು ಮಾತು ಮುಗಿಸುತ್ತಿದ್ದ.

ನಾದಿನಿ ಕಿವಿಯ ಬಳಿ ಬಗ್ಗಿದಳು. "ನೋಡಿದ್ರಾ ಅತ್ತಿಗೆ? ಇವಳ ವಿಷಯ ನಾನು ಹೇಳಿರ್ಲಿಲ್ವಾ?"

"ಸುಮ್ನಿರು. ನಿಮ್ಮಣ್ಣ ಇನ್ನೂ ಹೊಸಿಲು ದಾಟಿಲ್ಲ."

"ಅವಳ ಮುಖ ನೋಡಿ, ಒಂದು ಹನಿ ಇಲ್ಲ. ಸುಣ್ಣ ಬಳಿದ ಗೋಡೆ."

ನಿಜ. ಆ ಮುಖದಲ್ಲಿ ಓದಲು ಏನೂ ಇರಲಿಲ್ಲ.

*

ವಂಶಾವಳಿ ಸಂಘ ಸೇರಿದ ಮೊದಲ ಭಾನುವಾರ ಅವನು ಕರೆದದ್ದು ಹೆಂಡತಿಯನ್ನೇ.

"ಬಾರೇ. ನಮ್ಮ ಮುತ್ತಜ್ಜನ ಸಮಾಧಿ ಕಲ್ಲು ಓದ್ಬೇಕು. ನೀನು ಕನ್ನಡಿ ಹಿಡಿದ್ರೆ ಸಾಕು. ಬಿಸಿಲು ಓರೆಯಾಗಿ ಬಿದ್ರೆ ಸವೆದ ಅಕ್ಷರ ಎದ್ದು ಬರುತ್ತೆ."

"ಬದುಕಿರೋರ ಬಟ್ಟೆ ಒಗೆಯೋಕೇ ನನಗೆ ಪುರುಸೊತ್ತಿಲ್ಲ. ಸತ್ತೋರ ಉಸಾಬರಿ ಬೇರೆ ಕೇಡು. ಇನ್ಯಾರನ್ನಾದ್ರೂ ಹುಡುಕ್ಕೊಳ್ಳಿ."

ಅವನು ಸಂಘದ ಗ್ರಂಥಪಾಲಕಿಯನ್ನು ಹುಡುಕಿಕೊಂಡ. ಅಂದಿನಿಂದ ಭಾನುವಾರ ಸಂಜೆ ಮಂಡಿಗೆ ಮಣ್ಣು ಮೆತ್ತಿಕೊಂಡು ಬಂದು, ಊಟಕ್ಕೆ ಕುಳಿತು, "ಇವತ್ತು ನಾವು ಓದಿದ್ವಿ, ನಾವು ಕಂಡುಹಿಡಿದ್ವಿ" ಎನ್ನುತ್ತಿದ್ದ. ಒಂದಕ್ಕೆ ಒಂದು ಕೂಡಿದರೆ ಎರಡು. ಆ ಎರಡರಲ್ಲಿ ತಾನಿಲ್ಲ. ಅವಳು ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು.

*

ಮಣ್ಣು ಮುಚ್ಚಿ ಜನ ಚದುರಿದರು. ಹೊರಟಿದ್ದ ಗ್ರಂಥಪಾಲಕಿಯನ್ನು ಹೆಂಡತಿ ತಡೆದಳು. ಕನ್ನಡಿ ಇನ್ನೂ ಕಂಕುಳಲ್ಲಿತ್ತು.

"ನಿಲ್ಲಮ್ಮ. ಭಾನುವಾರ ಪೂರ್ತಿ ಇಬ್ರೂ ಏನ್ ಮಾತಾಡ್ತಿದ್ರಿ?"

"ಮಾತೆಲ್ಲಿ ಬಂತು ಅಕ್ಕ? ನಾನು ದೂರ ಕನ್ನಡಿ ಹಿಡ್ಕೊಂಡು ನಿಲ್ತಿದ್ದೆ. ಅವರು ಕಲ್ಲಿನ ಹತ್ರ ಮಂಡಿಯೂರಿ 'ಎಡಕ್ಕೆ, ಇನ್ನೂ ಎಡಕ್ಕೆ' ಅಂತ ಕೂಗೋರು."

"ಅಷ್ಟೇನಾ?"

"ಅಷ್ಟೇ. 'ಕೇಳದೆ ತಂದಿದ್ದೀನಿ, ಇದು ಒಡೆದ್ರೆ ಮನೆಯವಳು ನನ್ನ ತಲೆ ಒಡೀತಾಳೆ' ಅಂತ ನಗೋರು."

ಅವಳು ನಗಲಿಲ್ಲ. "ಆ ಮುತ್ತಜ್ಜನ ಕಲ್ಲು ಯಾವ್ದು? ತೋರ್ಸು."

ಕಲ್ಲು ಪಕ್ಕದ ಸಾಲಿನಲ್ಲೇ ಇತ್ತು. ಗ್ರಂಥಪಾಲಕಿ ಅದರ ಮುಂದೆ, ಅವನು ಊರುತ್ತಿದ್ದ ಜಾಗದಲ್ಲೇ, ಮಂಡಿಯೂರಿದಳು. ಇವಳು ದೂರ ನಿಂತು ಇಳಿಬಿಸಿಲಿಗೆ ಕನ್ನಡಿ ಎತ್ತಿದಳು.

"ಎಡಕ್ಕೆ ಅಕ್ಕ. ಇನ್ನೂ ಎಡಕ್ಕೇ..."

ಕೊನೆಯ ಅಕ್ಷರವನ್ನು ಎಳೆದ ರೀತಿ ಅವನದೇ. ಇವಳ ಕೈ ನಿಂತಿತು. ಅನಂತರ ನಿಧಾನವಾಗಿ ಕನ್ನಡಿಯನ್ನು ಬಲಕ್ಕೆ ತಿರುಗಿಸಿದಳು. ಬೆಳಕು ಕಲ್ಲನ್ನು ಬಿಟ್ಟು ಗ್ರಂಥಪಾಲಕಿಯ ಮುಖದ ಮೇಲೆ ಓರೆಯಾಗಿ ಬಿತ್ತು. ಕಣ್ಣಿನಿಂದ ಗದ್ದದವರೆಗೆ, ಒಣಗಿದ ಕಣ್ಣೀರಿನ ಎರಡು ಗೆರೆಗಳು ಒಂದೊಂದಾಗಿ ಎದ್ದು ಬಂದವು.

ಗ್ರಂಥಪಾಲಕಿ ಕಣ್ಣು ಮುಚ್ಚಿದಳು, ಮುಖ ತಿರುಗಿಸಲಿಲ್ಲ.

ಇವಳು ಕನ್ನಡಿ ಇಳಿಸಲಿಲ್ಲ.