ನುಯಿಯ ಕೆಂಪು ತಾಯಿತ

ನಾರಾ ಪಟ್ಟಣದ ಬೆಟ್ಟದ ಮಂಜು ಅಂದು ಬಿಸಿಲೇರಿದರೂ ಕರಗಲಿಲ್ಲ. ಜಿಂಕೆಗಳು ಅದರೊಳಗಿಂದ ಬಂದು ಅದರೊಳಕ್ಕೇ ಹೋಗುತ್ತಿದ್ದವು.

ನನ್ನ ಹೆಂಡತಿ ನುಯಿ ತೀರಿಕೊಂಡು ತಿಂಗಳಾಗಿತ್ತು. "ಮನೇಲಿ ಕೂತು ಗೋಡೆ ಜೊತೆ ಮಾತಾಡ್ತೀರಲ್ಲ, ಗೋಡೆಗೂ ಬೇಜಾರಾಗಿದೆ. ಏಳಿ," ಎಂದು ಪಕ್ಕದ ಮನೆಯ ತೊಮಿಕೊ ನನ್ನನ್ನು ಹೊರಡಿಸಿದ್ದಳು. ನಾನು ಬೇಡವೆನ್ನಲಿಲ್ಲ. ನುಯಿಯ ಕೆಂಪು ರೇಷ್ಮೆಯ ತಾಯಿತ ನನ್ನ ಎದೆಯ ಜೇಬಿನಲ್ಲಿತ್ತು. "ಕಾಡಂಚಿನ ಗುಡಿಯಿಂದ ತಂದದ್ದು. ನೀವೇ ನಿಮ್ಮ ಕೈಯಾರೆ ದೇವರಿಗೆ ಒಪ್ಪಿಸಿ," ಎಂದಿದ್ದಳು ನುಯಿ. ಅದೇ ಅವಳ ಕೊನೆಯ ಮಾತು.

ಮೊದಲು ಬುದ್ಧನ ಮಂದಿರಕ್ಕೆ ಹೋದೆವು. ಧೂಪದ ಹೊಗೆಯನ್ನು ಬೊಗಸೆಯಲ್ಲಿ ತುಂಬಿ ತಲೆಗೆ ಸವರಿಕೊಂಡೆ. ಒಳಗೆ ಕತ್ತಲೆಯೇ ಕುಳಿತು ಧ್ಯಾನಿಸುತ್ತಿದೆಯೋ ಎಂಬಂತೆ ಆ ದೊಡ್ಡ ಮುಖ. ನುಯಿ ಇಲ್ಲಿಗೆ ಬಂದಾಗಲೆಲ್ಲ ಮರೆತು ಚಪ್ಪಾಳೆ ತಟ್ಟಿಬಿಡುತ್ತಿದ್ದಳು.

"ಚಪ್ಪಾಳೆ ಗುಡಿಯ ದೇವರಿಗೆ ಕಣೇ. ಬುದ್ಧನೇನು ನಿದ್ದೆ ಮಾಡ್ತಿದಾನಾ, ಎಬ್ಬಿಸೋಕೆ?" ಎಂದು ನಾನು ಗದರಿದರೆ, "ಎದ್ದಿದ್ರೆ ಬಂದದ್ದು ಯಾರು ಅಂತ ಗೊತ್ತಾಗಲಿ ಬಿಡಿ," ಎನ್ನುತ್ತಿದ್ದಳು.

ನೆನೆಯುತ್ತ ನಿಂತಿದ್ದವನ ಕಿವಿಗೆ ಎರಡು ಚಪ್ಪಾಳೆ ಕೇಳಿಸಿತು. ಎಲ್ಲರೂ ತಿರುಗಿ ನೋಡಿದರು. ತಟ್ಟಿದವು ನನ್ನ ಕೈಗಳೇ.

"ಅಯ್ಯೋ, ನಿಮಗೂ ಅಂಟಿತಾ ಆ ರೋಗ!" ಎಂದು ತೊಮಿಕೊ ಬಾಯಿಗೆ ಅಂಗೈ ಅಡ್ಡ ಹಿಡಿದು ನಕ್ಕಳು.

ಗುಡಿಯ ದಾರಿಯಲ್ಲಿ ಕಲ್ಲುದೀಪಗಳು ಪಾಚಿ ಹೊದ್ದು ನಿಂತಿದ್ದವು. ಕೆಂಪು ಹೆಬ್ಬಾಗಿಲು ಕಂಡಿತು. ಅದರ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ಸೂತಕದವರು ಅದನ್ನು ದಾಟುವಂತಿಲ್ಲ. ಈ ಗುಡಿಯ ಲೆಕ್ಕದಲ್ಲಿ ಸೂತಕ ಐವತ್ತು ದಿನ; ನನ್ನದು ಇನ್ನೂ ಕಳೆದಿರಲಿಲ್ಲ. ಬೆಳಗಿನಿಂದ ತಿಳಿದೂ ತಿಳಿಯದವನಂತೆ ನಡೆದುಬಂದಿದ್ದೆ.

"ಬನ್ನಿ ಒಗಿತಾ ಅವ್ರೇ, ಈ ಮಂಜಲ್ಲಿ ಯಾರಿಗೆ ಕಾಣತ್ತೆ?" ಎಂದು ತೊಮಿಕೊ ನನ್ನನ್ನು ಕರೆದಳು.

"ಯಾರಿಗೆ ಕಾಣಬಾರದೋ ಅವನಿಗೇ ಕಾಣತ್ತಲ್ಲಮ್ಮ."

"ಹಾಗಾದ್ರೆ ಇತ್ತ ಕೊಡಿ. ನಾನೇ ಒಪ್ಪಿಸಿ ಬರ್ತೀನಿ."

ಜೇಬಿಗೆ ಕೈ ಹಾಕಿದೆ. ತಾಯಿತ ಮೈಯ ಬಿಸಿಗೆ ಬೆಚ್ಚಗಾಗಿತ್ತು. ನುಯಿ ಕೇಳಿದ್ದು ನನ್ನ ಕೈಯನ್ನು. ಬರಿಗೈಯನ್ನೇ ಹೊರತೆಗೆದೆ.

"ಸೂತಕ ಕಳೀಲಿ. ನಾನೇ ಬರ್ತೀನಿ."

"ಆಗ ಹಿಮ ಬಿದ್ದಿರತ್ತೆ. ನಿಮ್ಮ ಮೊಣಕಾಲು?"

"ತೆವಳ್ತೀನಿ."

"ನುಯಿ ಹೇಳ್ತಿದ್ಲು, ನೀವು ಹಟಮಾರಿ ಅಂತ," ಎನ್ನುತ್ತ ತೊಮಿಕೊ ಬಾಗಿ ನಮಸ್ಕರಿಸಿ ಒಳಗೆ ಹೋದಳು. ಒಂದು ಜಿಂಕೆಯೂ ಯಾರನ್ನೂ ಕೇಳದೆ ಅವಳ ಹಿಂದೆ ನಡೆಯಿತು. ಮಂಜು ಇಬ್ಬರನ್ನೂ ಮುಚ್ಚಿತು.

ನಾನು ಹೊರಗೆ ನಿಂತೆ. ಇಷ್ಟು ದಿನ ಈ ಸೂತಕ ನನ್ನನ್ನು ದೇವರಿಂದ ದೂರವಿಟ್ಟಿದೆ ಎಂದು ಕೊರಗಿದ್ದೆ. ಅದು ನುಯಿಯನ್ನು ಇನ್ನಷ್ಟು ದಿನ ನನ್ನ ಬಳಿ ಬಿಟ್ಟಿತ್ತು.

ಮರಗಳಾಚೆಯಿಂದ ಚಪ್ಪಾಳೆ ಕೇಳಿತು. ತೊಮಿಕೊ ತಟ್ಟಿದ್ದೇ ಇರಬೇಕು. ನಾನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದೆ.