ಬಸ್ಸು ಬಂದ ಮೇಲೆ ಬೆಲ್ಲು

ಚಾಮರಾಜನಗರದ ಆ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಿಗಿಂತ ಗೇಟಿಗೆ ಹೆಚ್ಚು ಮರ್ಯಾದೆ. ಒಂಬತ್ತೂವರೆಗೆ ಬೆಲ್ಲು, ಬೆಲ್ಲಿನ ಹಿಂದೆಯೇ ಗೇಟಿಗೆ ಬೀಗ. ಬೀಗದ ಕೈ ಪಿ.ಟಿ. ಮೇಷ್ಟ್ರು ನಾಗೇಂದ್ರ ಅವರ ಕೊರಳಲ್ಲಿ, ಸೀಟಿಯ ಜೊತೆ ಒಂದೇ ದಾರದಲ್ಲಿ ನೇತಾಡುತ್ತಿತ್ತು. ತಡವಾಗಿ ಬಂದವರು ಪ್ರಾರ್ಥನೆ ಮುಗಿಯುವವರೆಗೆ ಆಚೆ ನಿಲ್ಲಬೇಕು. ಆಮೇಲೆ ಒಳಗೆ ಬಂದು ಮೊದಲನೆಯ ಪೀರಿಯಡ್ಡು ಮುಗಿಯುವ ತನಕ ಮೈದಾನ ಗುಡಿಸಬೇಕು. ಮೈದಾನದ ಅಂಚಿನಲ್ಲಿದ್ದ ಹೊಂಗೆ ಮರಗಳಿಗೆ ಎಲೆ ಉದುರಿಸುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ, ಹಾಗಾಗಿ ಗುಡಿಸುವವರಿಗೂ ಬಿಡುವಿರಲಿಲ್ಲ. ಪೇಟೆಯ ದೊಡ್ಡ ಮನುಷ್ಯರು ಆ ರಸ್ತೆಯಲ್ಲಿ ಹೋಗುವಾಗ ಶಿಸ್ತು ಅಂದರೆ ಇದಪ್ಪಾ ಎಂದು ತಲೆದೂಗುತ್ತಿದ್ದರು. ಗುಡಿಸುತ್ತಿರುವವರು ಯಾರ ಮಕ್ಕಳು ಎಂದು ಮಾತ್ರ ಒಬ್ಬರೂ ಕೇಳಿದವರಲ್ಲ. ತಮ್ಮ ಮಕ್ಕಳಲ್ಲವಲ್ಲ, ಕೇಳುವುದೇನಿದೆ?

ಹತ್ತನೆಯ ತರಗತಿಗೆ ಮೊದಲನೆಯ ಪೀರಿಯಡ್ಡು ಗಣಿತ. ಗಣಿತದ ಗಂಗಾಂಬಿಕೆ ಮಿಸ್ಸು ಗುಂಡ್ಲುಪೇಟೆಯವರು. ಜೂನ್‌ನಲ್ಲಿ ವರ್ಗವಾಗಿ ಬಂದಾಗಿನಿಂದ ದಿನಾ ಬೆಳಿಗ್ಗೆ ಬೇಗನೆದ್ದು, ಮನೆಯವರಿಗೆ ತಿಂಡಿ ಮಾಡಿಟ್ಟು, ಬಸ್ಸು ಹಿಡಿದು ಬರುತ್ತಿದ್ದರು. ಅವರು ತರಗತಿಗೆ ಹೋದಾಗಲೆಲ್ಲ ಕೊನೆಯ ಬೆಂಚುಗಳು ಖಾಲಿ. ಅವು ಹಳ್ಳಿಯಿಂದ, ಉಮ್ಮತ್ತೂರಿನಿಂದ, ಬರುವ ಮಕ್ಕಳು ಕೂರುವ ಬೆಂಚುಗಳು. ಮೊದಮೊದಲು ಮಿಸ್ಸಿಗೂ ಸಿಟ್ಟೇ ಬರುತ್ತಿತ್ತು. ಗುಂಡ್ಲುಪೇಟೆಯಿಂದ ನಾನು ಸರಿಯಾದ ಹೊತ್ತಿಗೆ ಬರ್ತೀನಿ, ಇವಕ್ಕೇನು ರೋಗ ಅಂತ. ಗುಂಡ್ಲುಪೇಟೆಯಲ್ಲಿ ಒಂದು ಬಸ್ಸು ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆ, ಆ ಮಕ್ಕಳಿಗೆ ಇದ್ದದ್ದು ಒಂದೇ ಬಸ್ಸು, ಅದು ಊರೂರಿಗೂ ನಿಂತು ಜನ ತುಂಬಿಕೊಂಡು ಬರುವಷ್ಟರಲ್ಲಿ ಗೇಟಿಗೆ ಬೀಗ ಬಿದ್ದಿರುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಬರುವವರಿಗೆ ಇಂಥವು ಹೊಳೆಯುವುದು ಸ್ವಲ್ಪ ತಡ.

ಹೊಳೆದದ್ದು ಮಹಾಲಿಂಗ ಬಂದ ದಿನ. ಉಮ್ಮತ್ತೂರಿನಲ್ಲಿ ಕೂಲಿ ಮಾಡುವ ಮಹಾಲಿಂಗ ಅರಿಶಿನದ ಮೂಟೆ ಇಳಿಸಲು ಟೆಂಪೋದಲ್ಲಿ ಪೇಟೆಗೆ ಬಂದಿದ್ದ. ದಾರಿಯಲ್ಲಿ ಮಗಳ ಸ್ಕೂಲು ಕಂಡಿತು. ಒಳಗಿನಿಂದ ಪಾಠದ ದನಿ ಕೇಳುತ್ತಿತ್ತು, ಹೊರಗೆ ಅವನ ಮಗಳು ಶಾಂತಿ ಬಗ್ಗಿ ಕಸ ಗುಡಿಸುತ್ತಿದ್ದಳು. ತಡವಾದವರಿಗೆಂದು ತೆರೆದ ಗೇಟಿನಲ್ಲಿ ನಾಗೇಂದ್ರ ನಿಂತಿದ್ದರು, ಅವನು ಅಲ್ಲಿಗೆ ಬಂದ.

"ಯಾಕ ಸಾ, ನನ್ ಮಗ್ಳು ಪೊರಕ ಇಡ್ಕಂಡವ್ಳ?"

"ಲೇಟಾಗಿ ಬಂದ್ರೆ ಗುಡಿಸ್ಬೇಕು. ರೂಲ್ಸು," ಎಂದರು ನಾಗೇಂದ್ರ.

"ದಿನಾನೂವಾ?"

"ದಿನಾ ಲೇಟಾಗಿ ಬಂದ್ರೆ ದಿನಾನೂ."

ಮಹಾಲಿಂಗ ಕೂಗಾಡಲಿಲ್ಲ. ಒಳಗೆ ಬಂದು ಮಗಳ ಕೈಯಿಂದ ಪೊರಕೆ ತೆಗೆದು ಹೊಂಗೆ ಮರಕ್ಕೆ ಒರಗಿಸಿದ. "ನಮ್ಮಪ್ಪ ಸಾವ್ಕಾರ್ರ ಅಂಗ್ಳ ಗುಡುಸ್ದ. ನಾನು ಅವ್ರ ಕಣ ಗುಡುಸ್ದಿ. ಇವ್ಳು ಅದ್ನ ಕಲಿಯಕ್ಕ ಬಸ್ ಹತ್ಕಂಡು ಟೌನ್ಗ ಬರ್ಬೇಕಾಗಿರ್ನಿಲ್ಲ ಸಾ. ನಡಿ ಕಣಮ್ಮಿ, ಊರ್ಗ ಹೋಗನ."

ಶಾಂತಿ ಒಮ್ಮೆ ತರಗತಿಯ ಕಿಟಕಿಯ ಕಡೆ ನೋಡಿದಳು. ಒಳಗೆ ಚಾಕ್‌ಪೀಸು ಹಿಡಿದು ನಿಂತಿದ್ದ ಗಂಗಾಂಬಿಕೆ ಮಿಸ್ಸು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆ ಹುಡುಗಿಯ ಕಣ್ಣು ತಮ್ಮ ಮೇಲೆ ಬಿದ್ದಾಗ ಮಿಸ್ಸಿಗೆ ನಾಚಿಕೆಯಾಯಿತು. ಬೋರ್ಡಿನ ಕಡೆ ತಿರುಗಿಕೊಂಡರು, ಬರೆಯಲು ಏನೂ ತೋಚಲಿಲ್ಲ.

ಅಂದು ಸಂಜೆಯೇ ಅವರು ಹೆಡ್‌ಮಾಸ್ಟರ್ ದೇವರಾಜು ಅವರ ಮುಂದೆ ಕೂತರು. ಉಪಾಯ ಸಲೀಸಾಗಿತ್ತು: ಕೊನೆಯ ಪೀರಿಯಡ್ಡಿನ ಆಟವನ್ನು ಮೊದಲಿಗೆ ತರುವುದು, ಮೊದಲಿನ ಗಣಿತವನ್ನು ಕೊನೆಗೆ ಒಯ್ಯುವುದು, ಗುಡಿಸುವ ಶಿಕ್ಷೆ ನಿಲ್ಲಿಸುವುದು. ತಡವಾಗಿ ಬಂದರೂ ಪಾಠವೊಂದೂ ತಪ್ಪುವುದಿಲ್ಲ. ಬಸ್ಸಿನ ಮಕ್ಕಳಿಗೆ ಆಗಲೂ ಮೊದಲ ಪೀರಿಯಡ್ಡು ತಪ್ಪುತ್ತದೆ ನಿಜ, ತಪ್ಪುವುದು ಆಟ ತಾನೇ?

"ಮಾಡಿ ಮಿಸ್, ಮಾಡಿ. ಆಟದ ಪೀರಿಯಡ್ಡಿಗೆ ಯಾರು ಅಳ್ತಾರೆ," ಎಂದು ದೇವರಾಜು ಅಲ್ಲೇ ಒಪ್ಪಿಬಿಟ್ಟರು. ಯಾರಿಗೂ ನೋವಾಗದ ನ್ಯಾಯ ಎಂದರೆ ಅವರಿಗೆ ಬಹಳ ಇಷ್ಟ.

ಆ ದಿನದಿಂದ ಶಾಂತಿ ಸ್ಕೂಲಿಗೆ ಬಂದಿರಲಿಲ್ಲ. ಭಾನುವಾರ ಮಿಸ್ಸು ಉಮ್ಮತ್ತೂರಿನ ಬಸ್ಸು ಹತ್ತಿದರು. ಸೀಟು ಸಿಗಲಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮಕ್ಕಳಿಗೆಂದು ತಂದ ಬಾಳೆಹಣ್ಣಿನ ಚಿಪ್ಪು ಹಿಡಿದು ದಾರಿಯುದ್ದಕ್ಕೂ ನಿಂತೇ ಹೋದರು. ಪ್ರತಿ ಊರಲ್ಲೂ ಬಸ್ಸು ನಿಂತಾಗ, ಇದೇ ಬಸ್ಸಿನಲ್ಲಿ ಗಡಿಯಾರ ನೋಡುತ್ತಾ ಬರುವ ಮಕ್ಕಳ ಎದೆ ಹೇಗೆ ಹೊಡೆದುಕೊಳ್ಳುತ್ತಿರಬೇಕು ಎಂದು ನೆನೆದು ತಾವೂ ಗಡಿಯಾರ ನೋಡಿಕೊಂಡರು.

ಮಹಾಲಿಂಗ ಪಕ್ಕದ ಮನೆಯಿಂದ ಕುರ್ಚಿ ತಂದು ಅಂಗಳದಲ್ಲಿ ಹಾಕಿದ. ಟೀ ಬಂತು. ಮಿಸ್ಸು ಹೊಸ ಏರ್ಪಾಡನ್ನು ವಿವರಿಸಿದರು. ಮಹಾಲಿಂಗನ ಮುಖ ಸ್ವಲ್ಪ ಸಡಿಲವಾಯಿತು. ಆಗ ಬಾಗಿಲಿಗೆ ಒರಗಿ ನಿಂತಿದ್ದ ಶಾಂತಿ ಬಾಯಿಬಿಟ್ಟಳು.

"ಮಿಸ್, ಅಂಗಾರ ನಾವ್ ಬರಗಂಟ ಆಟ ಮುಗ್ದೋಗಿರ್ತದ ಅಲ್ವಾ?"

"ಹೂಂ ಕಣಮ್ಮ. ಆದ್ರೆ ಪಾಠ ಎಲ್ಲಾ ಸಿಗುತ್ತೆ."

"ಟೌನ್ ಮಕ್ಳು ಆಟಾನೂ ಆಡ್ತರ, ಪಾಠಾನೂ ಕಲೀತರ. ನಾವ್ ಬರೀ ಲೆಕ್ಕ ಮಾಡ್ಕಂಡಿರ್ಬೇಕಾ ಮಿಸ್?"

ಖೋ ಖೋದಲ್ಲಿ ಕಂಬ ಸುತ್ತಿ ಓಡುವಾಗ ಶಾಂತಿ ನಗುತ್ತಿದ್ದದ್ದು ಮಿಸ್ಸಿಗೆ ಆಗ ನೆನಪಾಯಿತು. ಇಡೀ ದಿನದಲ್ಲಿ ಉಮ್ಮತ್ತೂರಿನ ಮಕ್ಕಳು ದನಿಯೆತ್ತಿ ನಗುತ್ತಿದ್ದದ್ದು ಆ ಒಂದು ಪೀರಿಯಡ್ಡಿನಲ್ಲೇ. ಎಸ್ಸೆಸ್ಸೆಲ್ಸಿ ವರ್ಷ ನಿನಗೆ ಆಟ ಮುಖ್ಯವೇನೇ ಎಂಬ ಮಾತು ಮೇಷ್ಟರಾದವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮಿಸ್ಸಿನ ನಾಲಿಗೆಗೂ ಬಂದಿತ್ತು. ಅವರು ಅದನ್ನು ಟೀ ಜೊತೆ ನುಂಗಿದರು.

"ಇಲ್ಲಮ್ಮ, ಯಾಕೆ ಬರೀ ಲೆಕ್ಕ ಮಾಡ್ಕೊಂಡಿರ್ಬೇಕು? ನೀನು ಹೇಳೋದು ಸರಿ, ನಾನೇ ತಪ್ಪು ಮಾಡ್ದೆ," ಎಂದರು.

ಗಂಗಾಂಬಿಕೆ ಮಿಸ್ಸನ್ನು ಮೆಚ್ಚಲು ನೂರು ಕಾರಣ ಸಿಗಬಹುದು, ಇದೊಂದೇ ಸಾಕು. ತಲೆ ನರೆಯುವವರೆಗೂ ಮಕ್ಕಳ ಉತ್ತರಕ್ಕೆ ರೈಟು ರಾಂಗು ಹಾಕಿದ ಹೆಂಗಸು, ಅಂಗಳದಲ್ಲಿ ಕೂತು, ಶಿಷ್ಯೆಯ ಎದುರಿಗೆ, ಅವಳ ಅಪ್ಪನೂ ಕೇಳುವಂತೆ ತನ್ನದು ತಪ್ಪು ಎಂದು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ.

ಮಹಾಲಿಂಗ ಟೀ ಲೋಟ ಕೆಳಗಿಟ್ಟ. "ನೀವ್ ಒಳ್ಳೇವ್ರು ಮಿಸ್. ನಮ್ಮನ ಬಾಗ್ಲುಗಂಟ ಬಂದ್ರಿ. ಆದ್ರ ಇವ್ಳ ಅರ್ಧ ಸ್ಕೂಲ್ಗ ಕಳ್ಸಿ ನಾನೇನ್ ಮಾಡ್ಲಿ? ಅವ್ರವ್ವನ್ ಜೊತ ಕೂಲಿಗ ಓಗ್ತಾಳ ಬುಡಿ. ಟೌನ್ ಮಕ್ಳಿಗ ಸಿಗದೆಲ್ಲಾನೂ ಇವ್ಳ್ಗೂ ಸಿಗದಾದ್ರ ಯೋಳಿ ಕಳ್ಸಿ."

ಅಂದರೆ ಇನ್ನು ಉಳಿದದ್ದು ಒಂದೇ ದಾರಿ. ಬಸ್ಸನ್ನು ಬೆಲ್ಲಿಗೆ ಹೊಂದಿಸಲಾಗದಿದ್ದರೆ ಬೆಲ್ಲನ್ನೇ ಬಸ್ಸಿಗೆ ಹೊಂದಿಸಬೇಕು.

ಸೋಮವಾರ ಮಧ್ಯಾಹ್ನ ಈ ಮಾತೆತ್ತಿದಾಗ ದೇವರಾಜು ಅವರ ಹುಮ್ಮಸ್ಸು ಇಳಿಯಿತು. ಈ ಸಲದ ನ್ಯಾಯದಲ್ಲಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ತೊಂದರೆಯಿತ್ತು. ಅವರು ಶಾಲಾಭಿವೃದ್ಧಿ ಸಮಿತಿಯ ಪ್ರದೀಪ್ ಅವರನ್ನು ಕರೆಸಿದರು. ಪ್ರದೀಪ್‌ಗೆ ಪೇಟೆಯಲ್ಲಿ ಔಷಧಿ ಅಂಗಡಿ, ಮಗ ಅದೇ ಸ್ಕೂಲಿನಲ್ಲಿ ಒಂಬತ್ತನೆಯ ಕ್ಲಾಸು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಸೇರಿದರು. ಶಾಂತಿ ಹೇಳಿದ್ದನ್ನು ಮಿಸ್ಸು ಅಲ್ಲಿಯೂ ಹೇಳಿದರು.

"ಒಂದು ಬಸ್ಸಿಗೋಸ್ಕರ ಇಡೀ ಸ್ಕೂಲು ಕಾಯಬೇಕಾ ಮೇಡಂ? ನಮ್ಮ ಮಕ್ಕಳು ಟೈಮಿಗೆ ಸರಿಯಾಗಿ ಬರಲ್ವಾ? ಶಿಸ್ತಿದ್ದವರಿಗೆ ಇದೇನಾ ಬಹುಮಾನ?" ಎಂದರು ಪ್ರದೀಪ್.

"ನಿಮ್ಮ ಮಗ ಎದ್ದು, ತಿಂಡಿ ತಿಂದು, ಎರಡು ಬೀದಿ ದಾಟಿದ್ರೆ ಸ್ಕೂಲು," ಎಂದರು ಗಂಗಾಂಬಿಕೆ ಮಿಸ್ಸು. ಅವರ ದನಿ ಏರಲಿಲ್ಲ. "ಆ ಹುಡುಗಿ ಎದ್ದು, ನೀರು ತಂದು, ಹಸುಗೆ ಹುಲ್ಲು ಹಾಕಿ, ಬಸ್ಸಿನಲ್ಲಿ ನಿಂತ್ಕೊಂಡೇ ಬಂದು, ಆ ಮೂಲೆಯಿಂದ ಗೇಟಿನ ತನಕ ಓಡಿ ಬರ್ತಾಳೆ. ಇಬ್ಬರಲ್ಲಿ ಶಿಸ್ತು ಕಮ್ಮಿ ಇರೋದು ಯಾರಿಗೆ, ನೀವೇ ಹೇಳಿ."

ದೇವರಾಜು ಫ್ಯಾನಿನ ಕಡೆ ನೋಡಿದರು. ಮೂಲೆಯಲ್ಲಿ ಕೊರಳಿನ ದಾರವನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದ ನಾಗೇಂದ್ರ ಮೇಷ್ಟ್ರು ಇದ್ದಕ್ಕಿದ್ದಂತೆ ಕೇಳಿದರು: "ಮಿಸ್, ಆ ಹುಡುಗಿ ಏನು ತಪ್ಪಿಹೋಗುತ್ತೆ ಅಂದ್ಲು? ಇನ್ನೊಂದ್ಸಲ ಹೇಳಿ."

"ಆಟ. ಲೆಕ್ಕವೂ ಬೇಕು, ಆಟವೂ ಬೇಕು ಅಂತ."

ನಾಗೇಂದ್ರ ಎದ್ದು ನಿಂತರು. ಅವರ ಇಡೀ ಸರ್ವಿಸಿನಲ್ಲಿ ಆಟದ ಪೀರಿಯಡ್ಡನ್ನು ವಿಜ್ಞಾನದವರು ಕಿತ್ತುಕೊಂಡಿದ್ದರು, ಇಂಗ್ಲಿಷಿನವರು ಕಿತ್ತುಕೊಂಡಿದ್ದರು, ಪರೀಕ್ಷೆ ಹತ್ತಿರ ಬಂದರೆ ಕೇಳುವುದೇ ಬೇಡ. ಅದು ಬೇಕು ಎಂದು ಹಟ ಹಿಡಿದವರು ಯಾರೂ ಇರಲಿಲ್ಲ. ಹಿಡಿದವಳನ್ನು ತಾವೇ ದಿನಾ ಗೇಟಿನಾಚೆ ನಿಲ್ಲಿಸಿದ್ದರು.

"ಊಟದ ಬಿಡುವು ಸ್ವಲ್ಪ ಕಮ್ಮಿ ಮಾಡಿ ಸಾರ್, ಸಂಜೆ ಬಿಡೋ ಹೊತ್ತಿಗೆ ಸರಿಹೋಗುತ್ತೆ," ಎಂದರು. "ಬಸ್ಸು ಬಂದ ಮೇಲೆ ಬೆಲ್ಲು. ನಾನೇ ಹೊಡೀತೀನಿ."

"ಮತ್ತೆ ಮೈದಾನ ಗುಡಿಸೋರು ಯಾರು?" ಎಂದರು ಪ್ರದೀಪ್.

"ಎಲ್ಲರೂ. ದಿನಕ್ಕೊಂದು ಕ್ಲಾಸು. ನಿಮ್ಮ ಮಗನ ಕ್ಲಾಸು ಮಂಗಳವಾರ."

ಪ್ರದೀಪ್‌ಗೆ ನಗುವುದೋ ಸಿಟ್ಟಾಗುವುದೋ ತಿಳಿಯಲಿಲ್ಲ. ಕೊನೆಗೆ, "ಅವನು ಮನೇಲಿ ತಟ್ಟೇನೂ ಎತ್ತಲ್ಲ ಮೇಷ್ಟ್ರೇ, ನಮ್ಮನೆಯವಳು ಖುಷಿ ಪಡ್ತಾಳೆ ಬಿಡಿ," ಎಂದರು. ದೇವರಾಜು ನಿಟ್ಟುಸಿರು ಬಿಟ್ಟು ಸಹಿ ಹಾಕಿದರು.

ಉಮ್ಮತ್ತೂರಿನ ಮಕ್ಕಳ ಕೈಯಲ್ಲಿ ಮಿಸ್ಸು ಮಹಾಲಿಂಗನಿಗೆ ಹೇಳಿ ಕಳಿಸಿದರು. ಅವನಿಂದ ಉತ್ತರ ಬರಲಿಲ್ಲ.

ಹೊಸ ಬೆಲ್ಲಿನ ಮೊದಲ ದಿನ ಇಡೀ ಸ್ಕೂಲು ಮೈದಾನದಲ್ಲಿ ಸಾಲಾಗಿ ನಿಂತು ರಸ್ತೆ ನೋಡುತ್ತಿತ್ತು. ಒಂಬತ್ತೂವರೆ ಆಯಿತು, ದಾಟಿತು. ಪೇಟೆಯ ಮಕ್ಕಳು ಪಿಸುಗುಟ್ಟಿದರು. ಅಷ್ಟರಲ್ಲಿ ಮೂಲೆಯಲ್ಲಿ ಬಸ್ಸು ಬಂದು ನಿಂತಿತು. ಮಕ್ಕಳು ಇಳಿದು, ಅಭ್ಯಾಸಬಲದಿಂದ ಬ್ಯಾಗು ಎತ್ತಿ ಹಿಡಿದು ಓಡತೊಡಗಿದರು.

"ನಿಧಾನ್ರೋ, ನಿಧಾನ! ಬೆಲ್ಲು ಎಲ್ಲೂ ಓಡಿಹೋಗಲ್ಲ!" ಎಂದು ನಾಗೇಂದ್ರ ಕೂಗಿದರು. ಅವರ ಬಾಯಲ್ಲಿ ಆ ಮಾತು ಕೇಳಿ ಮಕ್ಕಳು ಬೆಪ್ಪಾಗಿ ನಿಂತೇಬಿಟ್ಟರು.

ಗಂಗಾಂಬಿಕೆ ಮಿಸ್ಸು ಒಂದೊಂದೇ ಮುಖ ನೋಡುತ್ತಿದ್ದರು. ಶಾಂತಿ ಇರಲಿಲ್ಲ. ಕಂಡಕ್ಟರು ಸೀಟಿ ಊದಿದ. ಇಷ್ಟೆಲ್ಲ ಮಾಡಿದ್ದು ಯಾರಿಗಾಗಿಯೋ ಅವಳೇ ಬರಲಿಲ್ಲವಲ್ಲ ಎಂದು ಸಂಕಟವಾಯಿತು. ಆಗ ಬಸ್ಸಿನ ಮುಂದಿನ ಬಾಗಿಲಿಂದ ಮಹಾಲಿಂಗ ಇಳಿದ. ಅವನ ಹಿಂದೆ, ಎರಡು ಜಡೆಗೂ ಟೇಪು ಕಟ್ಟಿಕೊಂಡು, ಶಾಂತಿ ಇಳಿದಳು.

ಅಪ್ಪ ಮಗಳು ನಡೆದೇ ಬಂದರು. ಶಾಂತಿ ಒಳಗೆ ಬಂದು ತನ್ನ ಸಾಲಿನಲ್ಲಿ ನಿಂತಳು. ಮಿಸ್ಸಿನ ಕಡೆ ನೋಡಿ ನಕ್ಕಳು, ಖೋ ಖೋ ಆಡುವಾಗಿನ ಅದೇ ನಗು. ಮಹಾಲಿಂಗ ಗೇಟಿನಾಚೆಯೇ ನಿಂತ. ಹೊಂಗೆ ಮರದ ಕೆಳಗೆ ಪೊರಕೆ ಹಿಡಿದು ಯಾರಾದರೂ ಇದ್ದಾರೆಯೇ ಎಂದು ನೋಡಿದ. ಯಾರೂ ಇರಲಿಲ್ಲ.

ನಾಗೇಂದ್ರ ಬೆಲ್ಲು ಹೊಡೆದು ಬಂದರು. ಬೀಗ ಕೈಯಲ್ಲಿ ಹಿಡಿದುಕೊಂಡವರಿಗೆ ಈ ಮನುಷ್ಯನ ಮುಖದೆದುರು ಗೇಟು ಎಳೆಯಲು ಮನಸ್ಸು ಬರಲಿಲ್ಲ. ಮಹಾಲಿಂಗ ಖಾಲಿ ರಸ್ತೆಯನ್ನೊಮ್ಮೆ ತಿರುಗಿ ನೋಡಿದ, ಒಳಗಿನ ಸಾಲುಗಳನ್ನೊಮ್ಮೆ ನೋಡಿದ, ಆಮೇಲೆ ತಾನೇ ಗೇಟಿಗೆ ಕೈಹಾಕಿ ಮುಂದಕ್ಕೆಳೆದ.

"ಈಗ ಬೀಗ ಆಕ್ಬುಡಿ ಸಾ," ಎಂದ. "ಎಲ್ಲಾ ಮಕ್ಳೂ ಒಳಗವ್ರ."